ಓದುಗರ ಪ್ರಶ್ನೆ: ಕೆಟಲ್‌ಬೆಲ್ ಸ್ವಿಂಗ್ ಮಾಡಿದರೆ ಬೆನ್ನು ಹಿಡಿಯುವುದೇಕೆ?

ಕೆಟಲ್‌ಬೆಲ್ ಎಂದರೆ ಮೇಲೊಂದು ಹಿಡಿಯಿರುವ ವ್ಯಾಯಾಮದ ಗುಂಡು. ಅದರ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ವಿಂಗ್ ಬಗ್ಗೆಯೇ, ಅಂದರೆ ಗುಂಡನ್ನು ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ತೂಗುವ ವ್ಯಾಯಾಮದ ಬಗ್ಗೆಯೇ ಇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಬೆನ್ನುನೋವಿನ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಉಳಿದ ಹಲವು ಪ್ರಶ್ನೆಗಳಿಗೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಜಿಮ್‌ಗೆ ಹೋಗಲು ಬಿಡುವಿಲ್ಲವೆಂದು 12 ಕೆ.ಜಿ. ಕೆಟಲ್‌ಬೆಲ್ ತಂದು, ವಿಡಿಯೊ ನೋಡಿಕೊಂಡು ಮನೆಯಲ್ಲೇ ಸ್ವಿಂಗ್ ಮಾಡುತ್ತಿದ್ದೇನೆ. ಮಾಡುವಾಗ ಏನೂ ಅನ್ನಿಸುವುದಿಲ್ಲ. ಮರುದಿನ ಬೆಳಿಗ್ಗೆ ಬೆನ್ನಿನ ಕೆಳಭಾಗ ಹಿಡಿದುಕೊಂಡಿರುತ್ತದೆ, ಭುಜವೂ ನೋಯುತ್ತದೆ. ತೂಕ ಕಡಿಮೆ ಮಾಡಬೇಕೆ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ತೂಕ ಇಳಿಸಿದರೆ ತಪ್ಪು ಹಾಗೆಯೇ ಉಳಿದು, ನೋವು ಮಾತ್ರ ತಡವಾಗಿ ಬರುತ್ತದೆ. ಬೆನ್ನು, ಭುಜ ಎರಡೂ ನೋಯುತ್ತಿವೆ ಎಂದರೆ ಬಹುಮಟ್ಟಿಗೆ ನೀವು ಕೆಳಗೆ ಹೋಗುವಾಗ ಬಸ್ಕಿ ಹೊಡೆದಂತೆ ಕೂರುತ್ತಿದ್ದೀರಿ, ಮೇಲೆ ಬರುವಾಗ ಗುಂಡನ್ನು ತೋಳಿನಿಂದ ಎತ್ತುತ್ತಿದ್ದೀರಿ. ಸ್ವಿಂಗ್‌ನಲ್ಲಿ ತೋಳಿಗೆ ಎತ್ತುವ ಕೆಲಸವೇ ಇಲ್ಲ. ಗುಂಡನ್ನು ಕಟ್ಟಿದ ಹಗ್ಗದಂತೆ ಅದು ಸುಮ್ಮನೆ ಇರಬೇಕು. ಗುಂಡು ಮೇಲೇಳುವುದು ತೊಡೆಯ ಹಿಂಭಾಗ ಮತ್ತು ಪೃಷ್ಠದ ಸ್ನಾಯುಗಳು ಸೊಂಟದ ಕೀಲನ್ನು ಒಮ್ಮೆಲೇ ನೆಟ್ಟಗೆ ಮಾಡುವುದರಿಂದ.

ಒಂದು ವಾರ ಸ್ವಿಂಗ್ ನಿಲ್ಲಿಸಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಮುಂದೆ ಓದುವ ಮೊದಲು ವೈದ್ಯರನ್ನು ಕಾಣಿ. ಇಲ್ಲವಾದರೆ ಈ ವಾರ ಬಗ್ಗುವುದನ್ನು ಹೊಸದಾಗಿ ಕಲಿಯಿರಿ.

ಗೋಡೆಗೆ ಬೆನ್ನು ಹಾಕಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣು ದೂರವಿರುವಂತೆ ನಿಲ್ಲಿ. ಪಾದಗಳ ನಡುವೆ ಭುಜದಗಲಕ್ಕಿಂತ ತುಸು ಹೆಚ್ಚು ಅಂತರವಿರಲಿ, ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿರಲಿ. ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆಯಲ್ಲಿ ಎರಡೂ ಅಂಗೈಗಳ ಅಂಚನ್ನು ಒತ್ತಿಟ್ಟು, ಆ ಮಡಿಕೆ ಅಂಗೈಯನ್ನು ಕಚ್ಚುವಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಮಂಡಿ ತುಸು ಸಡಿಲವಾಗಬಹುದು, ಮುಂದಕ್ಕೆ ಮಾತ್ರ ಹೋಗಬಾರದು. ಮಂಡಿಯಿಂದ ಪಾದದವರೆಗಿನ ಕಾಲು ಕಂಬದಂತೆ ನೆಟ್ಟಗಿರಲಿ. ಹತ್ತು ಸಲ ಸಲೀಸಾಗಿ ಮುಟ್ಟಿತೆಂದರೆ ಎರಡು ಬೆರಳಗಲ ಮುಂದೆ ಸರಿದು ಮತ್ತೆ ಮಾಡಿ. ತೊಡೆಯ ಹಿಂಭಾಗ ಬಿಗಿಯಾಗಿ ಎಳೆಯುವ ಜಾಗವೊಂದು ಸಿಗುತ್ತದೆ. ಅದೇ ನಿಮ್ಮ ಅಳತೆ, ಅದಕ್ಕಿಂತ ಹೆಚ್ಚು ಬಗ್ಗುವ ಅಗತ್ಯವಿಲ್ಲ.

ಬೆನ್ನು ನೇರವಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಲು ಕತ್ತು ತಿರುಗಿಸಬೇಡಿ, ಅದರಿಂದಲೇ ಬೆನ್ನು ಓರೆಯಾಗುತ್ತದೆ. ಒಂದು ಕೋಲನ್ನು ಬೆನ್ನಿನುದ್ದಕ್ಕೂ ಹಿಡಿದುಕೊಳ್ಳಿ. ಅದು ತಲೆಯ ಹಿಂಭಾಗ, ಎರಡು ಹೆಗಲೆಲುಬುಗಳ ನಡು ಮತ್ತು ಬೆನ್ನುಮೂಳೆಯ ತುದಿ, ಈ ಮೂರು ಕಡೆ ತಾಗಿರಬೇಕು. ಬಗ್ಗುವಾಗ ಇವುಗಳಲ್ಲಿ ಒಂದು ಬಿಟ್ಟುಹೋದರೂ ಬೆನ್ನು ಬಾಗಿದೆ ಎಂದೇ ಅರ್ಥ. ಹೊಸಬರಿಗೆ ಸಾಮಾನ್ಯವಾಗಿ ಬಿಟ್ಟುಹೋಗುವುದು ಕೆಳಗಿನದು.

ಇದು ಕೈಗೂಡಿದ ಮೇಲೆ ಗುಂಡನ್ನು ಎರಡು ಹಿಮ್ಮಡಿಗಳ ನಡುವೆ ಇಟ್ಟು, ಅದೇ ರೀತಿ ಬಗ್ಗಿ ಹಿಡಿದು ನಿಲ್ಲುವ ಡೆಡ್‌ಲಿಫ್ಟ್ ಮಾಡಿ. ಐದೈದರಂತೆ ಐದು ಸುತ್ತು, ದಿನ ಬಿಟ್ಟು ದಿನ. ಇದರಲ್ಲಿ ಬೆನ್ನು ನೋಯುವವರಿಗೆ ಸ್ವಿಂಗ್‌ನಲ್ಲಿ ನೋಯದಿರಲು ಸಾಧ್ಯವೇ ಇಲ್ಲ. ಆದರೂ ಈ ಹಂತವನ್ನು ಹಾರಿಸುವವರೇ ಜಾಸ್ತಿ.

ಈಗ ಸ್ವಿಂಗ್. ಗುಂಡನ್ನು ಕಾಲ್ಬೆರಳುಗಳಿಂದ ಸುಮಾರು ಒಂದಡಿ ಮುಂದಿಡಿ. ಪೃಷ್ಠ ಹಿಂದಕ್ಕೆ ತಳ್ಳಿ ಬಗ್ಗಿ, ಎರಡೂ ಕೈಯಿಂದ ಹಿಡಿ ಹಿಡಿದು, ಗುಂಡನ್ನು ನಿಮ್ಮ ಕಡೆಗೆ ವಾಲಿಸಿ. ಕಂಕುಳನ್ನು ಬಿಗಿ ಮಾಡಿ. ಅಲ್ಲೊಂದು ಮಡಿಸಿದ ಕರವಸ್ತ್ರ ಸಿಕ್ಕಿಸಿದರೆ ಬೀಳದಷ್ಟು ಬಿಗಿ. ಈ ಒಂದು ಬಿಗಿತವೇ ಭುಜ ಕೀಲಿನಿಂದ ಮುಂದಕ್ಕೆ ಎಳೆದುಹೋಗದಂತೆ ಕಾಯುವುದು. ಅಲ್ಲಿಂದ ಗುಂಡನ್ನು ಎರಡು ಕಾಲಿನ ನಡುವೆ ಹಿಂದಕ್ಕೆ ಜೋರಾಗಿ ಎಸೆಯಿರಿ. ಮುಂಗೈ ತೊಡೆಸಂದಿಗೆ ತಾಗಬೇಕು. ಗುಂಡು ಮಂಡಿಯ ಮಟ್ಟಕ್ಕಿಂತ ಮೇಲೆಯೇ ಹಾದುಹೋಗಬೇಕು. ಮಂಡಿಗಿಂತ ಕೆಳಗೆ ತೂಗಿದರೆ ಭಾರ ಸೊಂಟದಿಂದ ದೂರವಾಗುತ್ತದೆ, ಅದನ್ನು ತಡೆಹಿಡಿಯುವ ಹೊಣೆ ಬೆನ್ನಿನ ಕೆಳಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಮರುದಿನ ಬೆಳಗಿನ ಹಿಡಿತ ಅಲ್ಲಿಂದ ಬಂದದ್ದು.

ಮುಂಗೈ ತೊಡೆಸಂದಿಗೆ ತಾಗಿದ ಕ್ಷಣದಲ್ಲೇ ಪಾದಗಳಿಂದ ನೆಲ ಒತ್ತಿ ಥಟ್ಟನೆ ಎದ್ದು ನಿಲ್ಲಿ. ಮಂಡಿ ನೇರ, ಪೃಷ್ಠ ಬಿಗಿ, ಹೊಟ್ಟೆ ಬಿಗಿ. ಪಕ್ಕೆಲುಬು ಮೇಲೆದ್ದು ಎದೆ ಆಕಾಶ ನೋಡುವಂತೆ ಹಿಂದಕ್ಕೆ ವಾಲಬೇಡಿ. ಬೆನ್ನುನೋವಿಗೆ ಅದು ಎರಡನೇ ದೊಡ್ಡ ಕಾರಣ. ಗುಂಡು ತಾನಾಗಿ ಎದೆಮಟ್ಟಕ್ಕೆ ಬಂದು ಅರೆಗಳಿಗೆ ತೇಲುತ್ತದೆ. ಬಾರದಿದ್ದರೆ ಬಾರದಿರಲಿ, ಹೊಕ್ಕುಳ ಮಟ್ಟಕ್ಕೆ ಬಂದರೂ ಸಾಕು. ಎತ್ತರಕ್ಕಾಗಿ ತೋಳು ಬಳಸಿದಿರೋ ಭುಜನೋವು ಮರಳುತ್ತದೆ.

ಇನ್ನು ಕೆಳಗೆ ಬರುವುದು. ಬಹುಪಾಲು ಜನ ಕೆಡುವುದು ಇಲ್ಲೇ. ಗುಂಡು ಇಳಿಯತೊಡಗಿದ ಕೂಡಲೇ ಅದರ ಜೊತೆಗೆ ಬಗ್ಗಿಬಿಡುತ್ತಾರೆ. ಹಾಗೆ ಮಾಡಿದರೆ ಗುಂಡು ಮುಂದೆಯೇ ಉಳಿದು ಮಂಡಿಯ ಕೆಳಗೆ ತೂಗಿ ಬೆನ್ನನ್ನು ಜಗ್ಗುತ್ತದೆ. ನೆಟ್ಟಗೆ ನಿಂತೇ ಇರಿ, ಕಾಯಿರಿ. ಮೇಲ್ದೋಳು ಪಕ್ಕೆಗೆ ಬಂದು ತಾಗಿ, ಮುಂಗೈ ಇನ್ನೇನು ತೊಡೆಗೆ ಬಡಿಯಿತು ಎನ್ನುವಾಗ ಪೃಷ್ಠ ಹಿಂದಕ್ಕೆ ಸರಿಸಿ ದಾರಿ ಬಿಡಿ. ಮೊದಲ ದಿನ ಭಯವಾಗುತ್ತದೆ. ಆದರೆ ಕೈ ತೊಡೆಗೆ ಬಡಿದದ್ದೇ ಬಗ್ಗಲು ಸೂಚನೆ ಎಂದುಕೊಂಡರೆ ಎರಡು ಮೂರು ದಿನದಲ್ಲಿ ಒಗ್ಗುತ್ತದೆ.

ಕೊನೆಯ ಸ್ವಿಂಗ್ ಆದಮೇಲೆ ನೆಟ್ಟಗೆ ನಿಂತು ಗುಂಡನ್ನು ಪಾದದ ಬದಿಗೆ ಇಳಿಸಲು ಹೋಗಬೇಡಿ. ಅದನ್ನು ಮತ್ತೊಮ್ಮೆ ಹಿಂದಕ್ಕೆ ಬಿಟ್ಟು, ಎದ್ದು ನಿಲ್ಲದೆ, ಶುರುವಿನಲ್ಲಿ ಇದ್ದ ಒಂದಡಿ ಮುಂದಿನ ಜಾಗಕ್ಕೇ ತಂದಿಡಿ. ಇಪ್ಪತ್ತು ಸ್ವಿಂಗ್ ಚೆನ್ನಾಗಿ ಮಾಡಿ, ಕೆಳಗಿಡುವಾಗ ಬೆನ್ನು ಉಳುಕಿಸಿಕೊಳ್ಳುವವರಿದ್ದಾರೆ.

ತೋಳು ಎತ್ತುತ್ತಿದೆಯೇ ಎಂದು ತಿಳಿಯಲು ತೆಳ್ಳಗಿನ ಟವೆಲ್ ಸಾಕು. ಅದನ್ನು ಹಿಡಿಯೊಳಗೆ ತೂರಿಸಿ, ಎರಡೂ ತುದಿಗಳನ್ನು ಹಿಡಿಗೆ ತೀರ ಸಮೀಪದಲ್ಲಿ ಹಿಡಿದು ಸ್ವಿಂಗ್ ಮಾಡಿ. ಸೊಂಟದಿಂದ ಬಂದ ಸ್ವಿಂಗ್ ಆದರೆ ತೋಳು, ಟವೆಲ್, ಗುಂಡು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ತೋಳಿನಿಂದ ಎತ್ತಿದರೆ ಟವೆಲ್ ಮಣಿಕಟ್ಟಿನ ಬಳಿ ಮುರಿದು ಗುಂಡು ಕೆಳಕ್ಕೆ ಜೋಲುತ್ತದೆ. ಐದು ಸಲ ಮಾಡಿದರೆ ಸಾಕು, ವಿವರಣೆ ಬೇಕಾಗುವುದಿಲ್ಲ. ಮುಂದೆ ಯಾರೂ ನಿಂತಿರಬಾರದು, ಟಿ.ವಿ. ಕೂಡ.

ಜೊತೆಗೆ ಫೋನನ್ನು ಪಕ್ಕದಿಂದ, ಸೊಂಟದ ಎತ್ತರಕ್ಕಿಟ್ಟು ಚಿತ್ರಿಸಿಕೊಳ್ಳಿ. ಗುಂಡು ಅತ್ಯಂತ ಹಿಂದಿರುವ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿ. ಭುಜ ಪೃಷ್ಠಕ್ಕಿಂತ ಮೇಲೆ, ಪೃಷ್ಠ ಮಂಡಿಗಿಂತ ಮೇಲೆ ಇರಬೇಕು. ಪೃಷ್ಠ ಮಂಡಿಯ ಮಟ್ಟಕ್ಕೆ ಇಳಿದಿದ್ದರೆ ಅದು ಬಸ್ಕಿ.

ಪ್ರಶ್ನೆ: ಒಂದು ವಿಡಿಯೊದಲ್ಲಿ ದೇಹ ಬಿಗಿ ಮಾಡಿ ಥಟ್ಟನೆ ಹೊಡೆಯಬೇಕು ಎನ್ನುತ್ತಾರೆ, ಇನ್ನೊಂದರಲ್ಲಿ ಸಡಿಲವಾಗಿ ತೂಗಬೇಕು ಎನ್ನುತ್ತಾರೆ. ಮೂರನೆಯವರು ತಲೆಯ ಮೇಲಕ್ಕೇ ಒಯ್ಯುತ್ತಾರೆ. ಯಾರದು ಸರಿ?
– ಕಾಲೇಜು ವಿದ್ಯಾರ್ಥಿ, ಮಂಗಳೂರು

ಉತ್ತರ: ಮೊದಲ ಇಬ್ಬರೂ ಅವರವರ ಗುರಿಗೆ ಸರಿ. ಕೆಟಲ್‌ಬೆಲ್ ರಷ್ಯಾದ್ದು, ಅಲ್ಲಿ ಅದಕ್ಕೆ ಗಿರ್ಯಾ ಎನ್ನುತ್ತಾರೆ. ಹಳೆಯ ತೂಕದ ಅಳತೆ ಪೂದ್, ಅಂದರೆ ಸುಮಾರು 16.38 ಕೆ.ಜಿ. ಇಂದಿನ 16, 24, 32 ಕೆ.ಜಿ.ಯ ಲೆಕ್ಕ ಬಂದದ್ದು ಒಂದು, ಒಂದೂವರೆ, ಎರಡು ಪೂದ್‌ಗಳಿಂದ. ಅದು ಅಲ್ಲಿ ಪಂದ್ಯದ ಕ್ರೀಡೆಯೂ ಹೌದು. ಸೋವಿಯತ್ ಒಕ್ಕೂಟದ ಮೊದಲ ಚಾಂಪಿಯನ್‌ಷಿಪ್ 1985ರಲ್ಲಿ ಲಿಪೆತ್ಸ್ಕ್ ನಗರದಲ್ಲಿ ನಡೆಯಿತು. ಪಂದ್ಯದಲ್ಲಿ 10 ನಿಮಿಷ ಗುಂಡನ್ನು ಕೆಳಗಿಡದೆ ಎತ್ತಬೇಕು, ಹಾಗಾಗಿ ಶಕ್ತಿ ಉಳಿಸುವ ಸಡಿಲ ತೂಗು ಅವರಿಗೆ ಬೇಕು. ಬಿಗಿಯಾಗಿ ಹೊಡೆಯುವ ಶೈಲಿಗೆ ಹಾರ್ಡ್‌ಸ್ಟೈಲ್ ಎಂಬ ಹೆಸರಿದೆ. ಪ್ರತಿ ಸಲವೂ ಪೂರ್ತಿ ಬಲ ಹಾಕುವುದೇ ಅದರ ಉದ್ದೇಶ, ಆದ್ದರಿಂದ ಸುತ್ತುಗಳು ಚಿಕ್ಕವು. ಆರೋಗ್ಯಕ್ಕೆಂದು, ವಾರಕ್ಕೆ ಮೂರು ದಿನ ಕಾಲು ಗಂಟೆ ಮಾಡುವವರಿಗೆ ಹಾರ್ಡ್‌ಸ್ಟೈಲ್ ಅನುಕೂಲ. ಎರಡನ್ನೂ ಅರ್ಧರ್ಧ ಬೆರೆಸಿದರೆ ಎರಡರ ಲಾಭವೂ ಇಲ್ಲ.

ತಲೆಯ ಮೇಲಕ್ಕೆ ಒಯ್ಯುವ ಸ್ವಿಂಗ್ ನಮಗೆ ಒಪ್ಪಿಗೆಯಿಲ್ಲ. ಎರಡೂ ಕೈ ಒಂದೇ ಹಿಡಿಯಲ್ಲಿ ಸಿಕ್ಕಿಕೊಂಡಿರುವಾಗ ಭುಜ ಪೂರ್ತಿ ತೆರೆದುಕೊಳ್ಳಲಾರದು, ಆ ಕೊರತೆಯನ್ನು ಸೊಂಟವನ್ನು ಹಿಂದಕ್ಕೆ ಬಾಗಿಸಿ ತುಂಬಿಕೊಳ್ಳಬೇಕಾಗುತ್ತದೆ. ತಲೆಯ ಮೇಲೆ ಎತ್ತುವ ಆಸೆಯಿದ್ದರೆ ಒಂದು ಕೈಯ ಸ್ನ್ಯಾಚ್, ಅಂದರೆ ಗುಂಡನ್ನು ಒಂದೇ ಏಟಿಗೆ ತಲೆಯ ಮೇಲಕ್ಕೆ ಒಯ್ಯುವುದನ್ನು ಕಲಿಯಿರಿ.

ಪ್ರಶ್ನೆ: ಕೊಳ್ಳಬೇಕೆಂದಿದ್ದೇನೆ. ಎಷ್ಟು ಕೆ.ಜಿ., ಯಾವ ಬಗೆ? ಅಂಗಡಿಯವರು ಹೆಂಗಸರಿಗೆ 4 ಕೆ.ಜಿ. ಸಾಕು ಎನ್ನುತ್ತಾರೆ.
– ಗೃಹಿಣಿ, ಶಿವಮೊಗ್ಗ

ಉತ್ತರ: ನಿಮ್ಮ ಮನೆಗೆ ಬರುವ ಅಕ್ಕಿ ಚೀಲ ಎಷ್ಟು ಕೆ.ಜಿ.ಯದು ಎಂದು ಅಂಗಡಿಯವರನ್ನೇ ಕೇಳಿ! 4 ಕೆ.ಜಿ.ಯ ತೊಂದರೆಯೆಂದರೆ ಅದನ್ನು ತೋಳಿನಿಂದಲೇ ಎತ್ತಲು ಬರುತ್ತದೆ, ಸೊಂಟ ಬಳಸುವ ಅನಿವಾರ್ಯತೆಯೇ ಹುಟ್ಟುವುದಿಲ್ಲ. ವ್ಯಾಯಾಮದ ರೂಢಿಯಿಲ್ಲದ ಮಹಿಳೆ ಎರಡು ಕೈಯ ಸ್ವಿಂಗ್‌ಗೆ 8 ಕೆ.ಜಿ.ಯಿಂದ ಶುರುಮಾಡಬಹುದು, ರೂಢಿಯಿದ್ದರೆ 12. ಗಂಡಸರಿಗೆ 12 ಅಥವಾ 16.

ಅಂಗಡಿಯಲ್ಲಿ ಮೊದಲು ಹಿಡಿಯನ್ನು ನೋಡಿ. 33ರಿಂದ 35 ಮಿ.ಮೀ. ದಪ್ಪ ಬಹುತೇಕರಿಗೆ ಹೊಂದುತ್ತದೆ. ಹಿಡಿಯ ಒಳಮೈಯಲ್ಲಿ ಬೆರಳಾಡಿಸಿ. ಎರಕದ ಗೆರೆ ಉಬ್ಬಿ ಉಳಿದಿದ್ದರೆ ಅದು ಹತ್ತೇ ನಿಮಿಷದಲ್ಲಿ ಅಂಗೈ ಸೀಳುತ್ತದೆ. ಎರಡೂ ಕೈಯ ಬೆರಳುಗಳು ಒಟ್ಟಿಗೆ ಕೂರುತ್ತವೆಯೇ ನೋಡಿ. ಪಂದ್ಯಕ್ಕೆಂದು ಮಾಡಿದ ಉಕ್ಕಿನವು ಎಲ್ಲ ತೂಕದಲ್ಲೂ ಒಂದೇ ಗಾತ್ರ. ಬಣ್ಣದಿಂದ ತೂಕ ಗುರುತಿಸುತ್ತಾರೆ: 12ಕ್ಕೆ ನೀಲಿ, 16ಕ್ಕೆ ಹಳದಿ, 24ಕ್ಕೆ ಹಸಿರು. ಅವುಗಳ ಹಿಡಿ ಒಂದು ಕೈಗೆ ಅಳವಟ್ಟದ್ದು, ದೊಡ್ಡ ಅಂಗೈಯವರಿಗೆ ಎರಡು ಕೈ ಇಕ್ಕಟ್ಟು. ಮನೆಗೆ ಒಂದೇ ಎರಕದ ಕಬ್ಬಿಣದ್ದು ಸಾಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ್ದು ಅಗ್ಗ, ಆದರೆ ತೂಕಕ್ಕೆ ಹೋಲಿಸಿದರೆ ದಪ್ಪ. ಕಾಲಿನ ನಡುವೆ ಹಾದುಹೋಗುವಾಗ ತೊಡೆಗೆ ತಾಗುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ಸ್ವಿಂಗ್ ಮಾಡಬೇಕು? ಯಾವಾಗ ತೂಕ ಏರಿಸಬೇಕು?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಹತ್ತು ಸ್ವಿಂಗ್‌ಗೆ ಸುಮಾರು 15 ಸೆಕೆಂಡ್ ಹಿಡಿಯುತ್ತದೆ. ಪ್ರತಿ ನಿಮಿಷದ ಆರಂಭಕ್ಕೆ ಹತ್ತು ಮಾಡಿ, ಉಳಿದ ಮುಕ್ಕಾಲು ನಿಮಿಷ ಓಡಾಡಿ. ಕೂರಬೇಡಿ. ಮೊದಲ ವಾರ ಐದು ಸುತ್ತು, ವಾರಕ್ಕೆ ಮೂರು ದಿನ. ವಾರಕ್ಕೊಂದು ಸುತ್ತು ಸೇರಿಸುತ್ತ ಹತ್ತು ನಿಮಿಷಕ್ಕೆ ನೂರು ಮುಟ್ಟಿ. ಮುಂದಿನ ಸುತ್ತು ಶುರುವಾಗುವಾಗ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಆಡಲು ಬರಬೇಕು. ಬಾರದಿದ್ದರೆ ವಿರಾಮ ಹೆಚ್ಚಿಸಿ. ಗುಂಡು ಹಿಂದಿನಷ್ಟು ಎತ್ತರಕ್ಕೆ ಬರದಿದ್ದರೆ, ಇಲ್ಲವೇ ಎಣಿಕೆ ಮುಗಿಸಲೆಂದೇ ಎಳೆಯುತ್ತಿದ್ದೀರಿ ಅನ್ನಿಸಿದರೆ ಆ ದಿನಕ್ಕೆ ಮುಗಿಯಿತು. ಸ್ವಿಂಗ್‌ನಲ್ಲಿ ಗಾಯವಾಗುವುದು ಸಾಮಾನ್ಯವಾಗಿ ದಣಿವಿನ ಕೊನೆಯ ಸುತ್ತಿನಲ್ಲೇ. ನೂರು ಸ್ವಿಂಗ್ ಎರಡು ವಾರ ಒಂದೇ ಸಮನೆ ಚೆನ್ನಾಗಿ ಬಂದರೆ ಮುಂದಿನ ತೂಕಕ್ಕೆ ಹೋಗಿ, ಆಗ ಮತ್ತೆ ಐದು ಸುತ್ತಿನಿಂದ. 16ರಿಂದ ನೇರ 24ಕ್ಕೆ ಹಾರುವುದು ಒಮ್ಮೆಗೇ ಅರ್ಧದಷ್ಟು ಹೆಚ್ಚಳ. ನಡುವೆ 20 ಇದ್ದರೆ ಒಳ್ಳೆಯದು.

ಉಸಿರಾಟವನ್ನೂ ಹಲವರು ಕೇಳಿದ್ದಾರೆ. ಗುಂಡು ಹಿಂದಕ್ಕೆ ಹೋಗುವಾಗ ಮೂಗಿನಿಂದ ಒಳಕ್ಕೆ, ಎದ್ದು ನಿಲ್ಲುವ ಕ್ಷಣದಲ್ಲಿ ಹಲ್ಲಿನ ಸಂದಿಯಿಂದ ಚುಟುಕಾಗಿ ಹೊರಕ್ಕೆ. ಉಸಿರೆಲ್ಲ ಖಾಲಿ ಮಾಡಬೇಡಿ, ಹೊಟ್ಟೆಯ ಬಿಗಿ ಹೋಗಿಬಿಡುತ್ತದೆ.

ಪ್ರಶ್ನೆ: ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತೇನೆ. ಕೆಟಲ್‌ಬೆಲ್ ನನಗೆ ಆಟಿಕೆ ಅನ್ನಿಸುತ್ತದೆ. ಇದರಿಂದ ಏನಾದರೂ ಉಪಯೋಗವಿದೆಯೇ?
– ರೈತ, ವಿಜಯಪುರ ಜಿಲ್ಲೆ

ಉತ್ತರ: ಇದೆ, ಆದರೆ ನಿಮ್ಮ ಬಲವೇ ನಿಮಗೆ ಅಡ್ಡಿ. ಕಲ್ಲಿಗೆ ಹಿಡಿಯಿಲ್ಲ. ಅದನ್ನು ತಬ್ಬಿ ತೊಡೆಗೆ ತರಲು ಬೆನ್ನು ಬಾಗಿಸಲೇಬೇಕು, ಅದು ನಿಧಾನವಾಗಿ ಒಮ್ಮೆ ಎತ್ತುವ ಕೆಲಸ. ಸ್ವಿಂಗ್ ವೇಗವಾಗಿ ನೂರು ಸಲ ಮಾಡುವ ಕೆಲಸ, ಬಾಗಿದ ಬೆನ್ನಿಗೆ ಇಲ್ಲಿ ಜಾಗವಿಲ್ಲ. 16 ಕೆ.ಜಿ.ಯನ್ನು ನಿಮ್ಮಂಥವರು ಬರಿಯ ತೋಳಿನಿಂದ ಎದೆಗೆ ತರಬಲ್ಲಿರಿ. ಹಾಗಾಗಿ ತಪ್ಪು ಗೊತ್ತೇ ಆಗುವುದಿಲ್ಲ. ಗೋಡೆ ಮತ್ತು ಕೋಲಿನ ಅಭ್ಯಾಸ ಮುಗಿಸಿ ನೇರ 24ರಿಂದ ಶುರುಮಾಡಿ, ತೋಳು ಸೋತು ಸೊಂಟ ಕೆಲಸ ಕಲಿಯುತ್ತದೆ. ಕಲ್ಲನ್ನು ತೊಡೆಯಿಂದ ಎದೆಗೆ ತರುವ ಆ ಒಂದು ಎಸೆತದಲ್ಲಿ ಸೊಂಟ ನೆಟ್ಟಗಾಗುವ ವೇಗ ಬೇಕಲ್ಲ, ಅದಕ್ಕೆ ಸ್ವಿಂಗ್ ನೇರವಾಗಿ ನೆರವಾಗುತ್ತದೆ. ಜಾತ್ರೆಗೆ ಮೂರು ನಾಲ್ಕು ದಿನ ಮುಂಚೆ ನಿಲ್ಲಿಸಿ.

ಪ್ರಶ್ನೆ: ಅಂಗೈಯಲ್ಲಿ ಗುಳ್ಳೆ ಎದ್ದು ಚರ್ಮ ಕಿತ್ತುಬರುತ್ತಿದೆ. ಕೈಗವಸು ಹಾಕಲೇ?
– ಓದುಗರು, ಹಾಸನ

ಉತ್ತರ: ಬೇಡ. ಕೈಗವಸಿನಿಂದ ಹಿಡಿ ಇನ್ನೂ ದಪ್ಪವಾಗುತ್ತದೆ, ನೀವು ಇನ್ನೂ ಬಿಗಿಯಾಗಿ ಹಿಡಿಯುತ್ತೀರಿ. ಗುಳ್ಳೆಗೆ ಕಾರಣವೇ ಆ ಬಿಗಿ. ಹಿಡಿಯನ್ನು ಅಂಗೈ ನಡುವೆ ಒತ್ತಿಟ್ಟರೆ, ಗುಂಡು ತಿರುಗುವಾಗ ಬೆರಳ ಬುಡದ ಚರ್ಮ ಮಡಿಕೆ ಬಿದ್ದು ಜಿಗುಟಿದಂತಾಗುತ್ತದೆ. ಹಿಡಿ ಬೆರಳುಗಳ ಕೊಕ್ಕೆಯಲ್ಲಿ ಕೂರಲಿ. ಹಿಂದಕ್ಕೆ ಹೋಗುವಾಗ ಬಿಗಿ, ಮೇಲೆ ತೇಲುವಾಗ ಸಡಿಲ. ಜಡ್ಡುಗಟ್ಟಿದ ಚರ್ಮವನ್ನು ಸ್ನಾನದ ನಂತರ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಸಮ ಮಾಡಿ. ಬ್ಲೇಡ್ ಮುಟ್ಟಿಸಬೇಡಿ. ಚರ್ಮ ಕಿತ್ತಿದ್ದರೆ ತೊಳೆದು ಒಣಗಿಸಿ, ಮುಚ್ಚಿ, ವಾಸಿಯಾಗುವವರೆಗೆ ಗೋಡೆ ಅಭ್ಯಾಸ ಮಾಡಿ.

ಪ್ರಶ್ನೆ: ಎರಡನೇ ಹೆರಿಗೆಯಾಗಿ ಎಂಟು ತಿಂಗಳು. ಸ್ವಿಂಗ್ ಮಾಡುವಾಗ ಮೂತ್ರ ಸೋರುತ್ತದೆ. ಯಾರ ಬಳಿಯೂ ಹೇಳಿಕೊಳ್ಳಲಾಗುತ್ತಿಲ್ಲ.
– ಹೆಸರು ಬೇಡ, ಉಡುಪಿ

ಉತ್ತರ: ಹೆರಿಗೆಯ ನಂತರ ಇದು ಅನೇಕರಿಗೆ ಆಗುತ್ತದೆ, ನಾಚಿಕೆ ಪಡುವಂಥದ್ದಲ್ಲ. ಹಾಗೆಂದು ಪ್ಯಾಡ್ ಹಾಕಿಕೊಂಡು ಮುಂದುವರಿಸುವಂಥದ್ದೂ ಅಲ್ಲ. ಹೊಟ್ಟೆಯೊಳಗಿನ ಒತ್ತಡವನ್ನು ತಡೆಯುವ ಕೆಳಗಿನ ಸ್ನಾಯುಗಳು ಸ್ವಿಂಗ್‌ನ ವೇಗಕ್ಕೆ ಇನ್ನೂ ಸಿದ್ಧವಾಗಿಲ್ಲ ಎಂದು ಅರ್ಥ. ಸದ್ಯಕ್ಕೆ ಸ್ವಿಂಗ್ ಬಿಡಿ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ವಸ್ತಿಕುಹರದ ಸ್ನಾಯುಗಳ ಚಿಕಿತ್ಸೆ ತಿಳಿದ ಫಿಸಿಯೊಥೆರಪಿಸ್ಟ್ ಬಳಿಗೆ ಕಳಿಸುವಂತೆ ಕೇಳಿ. ಅವರು ಒಪ್ಪಿದರೆ ಹಗುರ ಗುಂಡಿನಲ್ಲಿ ನಿಧಾನದ ಡೆಡ್‌ಲಿಫ್ಟ್ ಮಾಡಬಹುದು, ಏಳುವಾಗ ಉಸಿರು ಹೊರಬಿಡುತ್ತ. ಒಂದು ಹನಿಯೂ ಸೋರದೆ ಅದನ್ನು ಮಾಡಲು ಬಂದ ಮೇಲೆ ಸ್ವಿಂಗ್ ಮಾತು.

ಪ್ರಶ್ನೆ: ವಯಸ್ಸು 54. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಾಡಬಹುದೆ?
– ನಿವೃತ್ತ ಶಿಕ್ಷಕ, ಮೈಸೂರು

ಉತ್ತರ: ಮಾತ್ರೆಯಿಂದ ಬಿ.ಪಿ. ಹತೋಟಿಯಲ್ಲಿದ್ದು, ನಿಮ್ಮ ವೈದ್ಯರು ಹೂಂ ಎಂದರೆ ಮಾಡಬಹುದು. ಉಸಿರು ಕಟ್ಟಿ ಭಾರ ಎತ್ತಿದರೆ ಒತ್ತಡ ಒಮ್ಮೆಲೇ ಏರುತ್ತದೆ, ಹಾಗಾಗಿ ಪ್ರತಿ ಸ್ವಿಂಗ್‌ಗೂ ಉಸಿರು ಹೊರಬರಬೇಕು. ಐದೈದರ ಸುತ್ತು ಮಾಡಿ. ಮುಗಿದ ಕೂಡಲೇ ಕೂರದೆ ಐದು ನಿಮಿಷ ನಡೆಯಿರಿ. ಥಟ್ಟನೆ ನಿಂತರೆ ತಲೆ ಸುತ್ತಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ಗುಂಪಿನ ಮಾತ್ರೆಯಾದರೆ ನಾಡಿಬಡಿತ ಹೆಚ್ಚು ಏರುವುದಿಲ್ಲ, ಕೈಗಡಿಯಾರ ತೋರಿಸುವ ಸಂಖ್ಯೆ ನಂಬಿ ಜೋರು ಮಾಡಬೇಡಿ. ಮಾತಾಡಲು ಬರುತ್ತದೆಯೇ ಎಂಬುದೇ ನಿಮಗೆ ಸರಿಯಾದ ಅಳತೆ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ಎಳೆದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹರ್ನಿಯಾ ಇರುವವರು, ಈಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಈ ವ್ಯಾಯಾಮದ ಗೊಡವೆಗೇ ಹೋಗಬೇಡಿ.

ಪ್ರಶ್ನೆ: ಸ್ವಿಂಗ್ ಚೆನ್ನಾಗಿ ಬರುತ್ತದೆ. ಕ್ಲೀನ್ (ಗುಂಡನ್ನು ಒಂದು ಕೈಯಲ್ಲಿ ಎತ್ತಿ ಎದೆಯ ಬಳಿ ಕೂರಿಸಿಕೊಳ್ಳುವುದು) ಮಾಡುವಾಗ ಗುಂಡು ಮುಂಗೈಗೆ ಬಡಿದು ನೀಲಿಗಟ್ಟುತ್ತಿದೆ.
– ಓದುಗರು, ಧಾರವಾಡ

ಉತ್ತರ: ಗುಂಡನ್ನು ದೂರಕ್ಕೆ ತೂಗಿ, ಮೇಲೆ ಬಂದಮೇಲೆ ಮಣಿಕಟ್ಟಿನ ಮೇಲೆ ಮಗುಚಿಕೊಳ್ಳುತ್ತಿದ್ದೀರಿ. ಮೊಣಕೈ ಪಕ್ಕೆಗೆ ಅಂಟಿರಲಿ, ಗುಂಡು ಹೊಟ್ಟೆಗೆ ಹತ್ತಿರವಾಗಿಯೇ ಏರಲಿ. ಅದು ಹೊಕ್ಕುಳ ದಾಟುತ್ತಿದ್ದಂತೆ ಹಿಡಿತ ಸಡಿಲಿಸಿ ಕೈಯನ್ನು ಹಿಡಿಯೊಳಗೆ ಓರೆಯಾಗಿ ತೂರಿಸಿ. ಗುಂಡು ಕೈಯನ್ನು ಬಳಸಿ ಜಾರಿ ಮುಂಗೈಯ ಹೊರಬದಿಗೆ ಬಂದು ಕೂರುತ್ತದೆ, ಸದ್ದೇ ಇರುವುದಿಲ್ಲ. ಹೊಳೆಯದಿದ್ದರೆ ಹಿಂದುಮುಂದಾಗಿ ಕಲಿಯಿರಿ. ಎರಡೂ ಕೈಯಿಂದ ಗುಂಡನ್ನು ಎದೆಯ ಬಳಿ ಸರಿಯಾದ ಜಾಗದಲ್ಲಿ ಕೂರಿಸಿಕೊಂಡು, ಅಲ್ಲಿಂದ ಒಂದು ಕೈಯಲ್ಲಿ ಕೆಳಕ್ಕೆ ಬಿಡುವುದನ್ನಷ್ಟೇ ಐದೈದು ಸಲ ಮಾಡಿ. ಇಳಿಯುವ ದಾರಿ ಕೈಗೆ ಪರಿಚಯವಾದರೆ ಏರುವ ದಾರಿಯೂ ಅದೇ. ನೀಲಿ ಮಾಯುವವರೆಗೆ ಆ ಕೈಗೆ ಬಿಡುವು ಕೊಡಿ, ಅಷ್ಟು ದಿನ ಇನ್ನೊಂದು ಕೈಯಲ್ಲಿ ಕಲಿಯಿರಿ.